ಗುಂಡಿಯ ಬಾಯಲ್ಲಿ ಕೂತ ಬಿಳಿ ಕಾಯಿ

ಕ್ಯಾರಂನಲ್ಲಿ ನನ್ನನ್ನು ಸೋಲಿಸುವವರು ಇನ್ನೂ ಹುಟ್ಟಿಲ್ಲ. ಸುಳ್ಳು, ಹೆಂಡತಿಯೇ ದಿನಾ ಸೋಲಿಸುತ್ತಾಳೆ. ಚಹಾ ಕುಡಿಯುತ್ತಾ ಕೇಳಿ, ಈ ಕಥೆ ಮಾತ್ರ ನಿಜ.

ರಾಜ್ಯಮಟ್ಟದ ಫೈನಲ್‌ನಲ್ಲಿ ಸ್ಟ್ರೈಕರ್ ಒಂದೇ ಏಟಿಗೆ ರೆಡ್ಡನ್ನು ಗುಂಡಿಗೆ ಕೆಡವಿತು. ಜನ ಎದ್ದು ಕುಣಿದರು! ಇನ್ನು ಫಾಲೋ ಆಗಿ ಬಿಳಿ ಕಾಯಿ ಬಿದ್ದರೆ ಟ್ರೋಫಿ, ಬೀಳದಿದ್ದರೆ ರೆಡ್ ವಾಪಸು. ಆ ಕಾಯಿಯೋ ಗುಂಡಿಯ ಬಾಯಲ್ಲೇ ಕೂತಿತ್ತು.

ಪಕ್ಕದ ಕರಿ ಕಾಯಿ ನಯವಾಗಿ ಹೇಳಿತು: “ಸ್ಟ್ರೈಕರಣ್ಣಾ, ಎಲ್ಲರೂ ನಿನ್ನನ್ನೇ ನೋಡುತ್ತಿದ್ದಾರೆ. ಇಷ್ಟು ಸುಲಭದ್ದು ತಪ್ಪಿದರೆ ಮುಖ ಎಲ್ಲಿಡುತ್ತೀಯ? ನೀನೇ ಗುಂಡಿಗೆ ಬೀಳಬೇಡ, ಅಷ್ಟೇ!”

ಸ್ಟ್ರೈಕರಿಗೆ ಈಗ ಕಾಯಿ ಕಾಣಲಿಲ್ಲ, ಗುಂಡಿಯೊಂದೇ ಕಂಡಿತು. ನುಗ್ಗಿತು, ಕಾಯಿಯ ಪಕ್ಕದಲ್ಲೇ ಜಾರಿ ತಾನೇ ದುಡುಮ್ಮನೆ ಒಳಗೆ ಬಿತ್ತು!

ಒಳಗಿದ್ದ ರೆಡ್ ಕೇಳಿತು: “ನನ್ನನ್ನು ಹೊಡೆಯುವಾಗ ಏನು ಯೋಚಿಸುತ್ತಿದ್ದೆ ಮಾರಾಯ?”

“ಏನೂ ಇಲ್ಲ.”

“ಈಗಲೂ ಅದನ್ನೇ ಯೋಚಿಸಬೇಕಿತ್ತು.”

ಎಲ್ಲರೂ ನೋಡುತ್ತಿದ್ದರೆ ನನ್ನ ಕೈಯೂ ಜೇಬಿನ ಪಕ್ಕದಲ್ಲೇ ಜಾರಿಹೋಗುತ್ತದೆ. ಚಹಾದ ದುಡ್ಡು ನೀವೇ ಕೊಟ್ಟುಬಿಡಿ.