ಸದ್ದಿಲ್ಲದ ಮದುವೆ

"ಅಯ್ಯನವರೇ, ದುಃಖದಲ್ಲಿರುವವರ ಎದುರು ನಮ್ಮ ಸಂತೋಷವನ್ನು ಹೇಳಬಹುದೇ, ಮುಚ್ಚಿಡಬೇಕೇ?"

ಕೇಳಿದವನು ಉಪದೇಶಿ ಸತ್ಯಮಿತ್ರ. ಎಂಟು ದಿನದ ರಜೆ ಮುಗಿಸಿ ಹೆಂಡತಿಯ ತವರಿನಿಂದ ಅಂದೇ ಬಂದಿದ್ದ. ರಜೆ ಏಕೆಂದು ಹೇಳಿರಲಿಲ್ಲ. ಪಾದ್ರಿ ಅಯ್ಯನವರ ಹೆಂಡತಿ ತೀರಿಕೊಂಡು ಎರಡು ತಿಂಗಳಾಗಿತ್ತು. ಅವರು ಕನ್ನಡಕ ತೆಗೆದಿಟ್ಟು ಕತೆ ಹೇಳಿದರು.

ಒಂದು ಕ್ರೈಸ್ತ ಸಭೆಯಲ್ಲಿ ಒಬ್ಬ ಬಡಗಿ ಇದ್ದ. ಸಭೆಯವರಲ್ಲಿ ಯಾರು ತೀರಿಕೊಂಡರೂ ಶವಪೆಟ್ಟಿಗೆ ಮಾಡುವವನು ಅವನೇ. ತನ್ನ ಹೆಂಡತಿಯ ಪೆಟ್ಟಿಗೆಯನ್ನೂ ಅವನೇ ಮಾಡಿದ. ಸಾವಿನ ಮನೆಗೆ ಗಂಜಿ ಒಯ್ಯುವುದು ಅಲ್ಲಿನ ರೂಢಿ. ಅವನಿಗೆ ಮೊದಲ ಗಂಜಿ ತಂದವನು ಪಕ್ಕದ ಮನೆಯ ದರ್ಜಿ.

ಮರುತಿಂಗಳು ದರ್ಜಿಯ ಮಗಳಿಗೆ ಮದುವೆ ಕೂಡಿಬಂತು. ಬಡಗಿಗೆ ನೋವಾದೀತೆಂದು ದರ್ಜಿ ಸದ್ದು ಮಾಡಬೇಡಿರೆಂದು ಎಲ್ಲರಿಗೂ ತಾಕೀತು ಮಾಡಿದ. ಮೂರು ಭಾನುವಾರ ಚರ್ಚಿನಲ್ಲಿ ಮದುವೆಯ ಪ್ರಕಟಣೆಯನ್ನು ಮುಂದಿನ ಬೆಂಚಿಗಷ್ಟೇ ಕೇಳುವಂತೆ ಓದಿಸಿದ. ಬಡಗಿ ಕೂರುತ್ತಿದ್ದುದು ಕೊನೆಯ ಬೆಂಚಿನಲ್ಲಿ. ಮದುವೆಯ ಹಿಂದಿನ ದಿನ ಹೆಂಗಸರು ಬಾಗಿಲು ಹಾಕಿಕೊಂಡು ತೆಂಗಿನಕಾಯಿ ತುರಿದರು. ಬಡಿದರೂ ಸದ್ದಾಗದಂತೆ ಡೋಲಿಗೆ ಕಂಬಳಿ ಹೊದಿಸಿದರು. ಜೋರಾಗಿ ನಗುವ ಸೋದರತ್ತೆಯ ಬಾಯಿ ಖಾಲಿಯಾಗದಂತೆ ಒಬ್ಬಳು ಎಲೆಅಡಿಕೆ ಮಡಿಸಿ ಕೊಡುತ್ತಲೇ ಇದ್ದಳು.

ಅಂದು ಸಂಜೆ ಬಡಗಿ ಕಿಟಕಿಯಿಂದ ನೋಡಿದ. ಜನ ತಲೆ ತಗ್ಗಿಸಿ, ಮಾತಿಲ್ಲದೆ, ದರ್ಜಿಯ ಮನೆಯೊಳಗೆ ಹೋಗುತ್ತಿದ್ದಾರೆ. ಈ ನಡಿಗೆ ಅವನಿಗೆ ಗುರುತಿತ್ತು. ಎರಡು ತಿಂಗಳ ಹಿಂದೆ ಅವನ ಮನೆಗೂ ಹೀಗೆಯೇ ಬಂದಿದ್ದರು. ದರ್ಜಿಯ ತಾಯಿಗೆ ತೊಂಬತ್ತು ದಾಟಿತ್ತು.

'ಅಜ್ಜಿ ಹೋದಳು. ನನಗೊಂದು ಮಾತು ಹೇಳಲಿಲ್ಲ' ಎಂದುಕೊಂಡ.

ಹೆಂಡತಿ ಹೋದ ಮೇಲೆ ಮೊದಲ ಸಲ ಒಲೆ ಹಚ್ಚಿದ. ಗಂಜಿ ತಳ ಹಿಡಿಯಿತು. ಅದನ್ನೇ ಹೊತ್ತು, ಅಳತೆಕೋಲನ್ನು ಕಂಕುಳಲ್ಲಿ ಇಟ್ಟುಕೊಂಡು ಹೋದ. ಒಳಗೆ ಕಾಲಿಟ್ಟವನೇ ಗೋಳೋ ಎಂದು ಅತ್ತ.

ಕಣ್ಣೊರೆಸಿಕೊಂಡು ನೋಡಿದರೆ ಎದುರಿಗೆ ಮಲ್ಲಿಗೆ ಮುಡಿದ ಮದುಮಗಳು. ಪಕ್ಕದಲ್ಲಿ ಅಜ್ಜಿ, ಬಾಯಿತುಂಬ ಲಾಡು.

"ಏನೋ ಮಗನೇ, ನನ್ನ ಅಳತೆಗೆ ಬಂದೆಯಾ? ಇನ್ನೂ ಊಟವಾಗಿಲ್ಲ, ಆಮೇಲೆ ಬಾ" ಎಂದಳು ಅಜ್ಜಿ.

ದರ್ಜಿ ಕೈಮುಗಿದ. "ಅಣ್ಣಾ, ನಿನಗೆ ಸಂಕಟವಾಗಬಾರದು ಅಂತ ಹೇಳಲಿಲ್ಲ."

"ಅವಳು ಹೋದ ದಿನ ನಾನು ಕರೆಯದೆಯೇ ನೀನು ಬಂದೆ. ಇವತ್ತು ನಾನೂ ಹಾಗೇ ಬಂದೆ ಅಂದುಕೋ" ಎಂದ ಬಡಗಿ. "ಈ ಗಂಜಿ ಎಲ್ಲಿಡಲಿ?"

"ಇಲ್ಲಿ ಕೊಡು" ಎಂದಳು ಅಜ್ಜಿ. "ಹಲ್ಲಿಲ್ಲದವಳಿಗೆ ಲಾಡು ಕೊಟ್ಟು ಕೂರಿಸಿದ್ದಾರೆ."

ಸೋದರತ್ತೆ ಎಲೆಅಡಿಕೆ ಉಗುಳಿ ನಕ್ಕಳು. ಬಡಗಿ ತಾನೇ ಡೋಲಿನ ಕಂಬಳಿ ಎಳೆದುಹಾಕಿ ಊಟಕ್ಕೆ ಕುಳಿತ. ನಡುವೆ ಅತ್ತ. ಯಾರೂ ಬೇಡವೆನ್ನಲಿಲ್ಲ. ಅಳುತ್ತಲೇ ಎರಡು ಸಲ ಪಾಯಸ ಹಾಕಿಸಿಕೊಂಡ.

ಕತೆ ಕೇಳಿ ಸತ್ಯಮಿತ್ರ ನಕ್ಕ. ನಕ್ಕದ್ದು ತಪ್ಪಾಯಿತೇನೋ ಎಂದು ತಟ್ಟನೆ ಬಾಯಿಗೆ ಕೈ ಅಡ್ಡ ಹಿಡಿದ.

ಅಯ್ಯನವರು ಆ ಕೈಯನ್ನು ಮೆಲ್ಲನೆ ಕೆಳಗಿಳಿಸಿ ಕೇಳಿದರು: "ನಿನ್ನ ಮನೆಯಲ್ಲಿ ಹುಟ್ಟಿದ್ದು ಗಂಡೋ, ಹೆಣ್ಣೋ?"