ನಿದ್ದೆಯಾದವನೇ ಎಂಜಿನ್ ಹತ್ತಬೇಕು

ಹಳಿ ಸರ್ಕಾರದ್ದು, ಅದರ ಮೇಲೆ ಓಡೋ ಲೋಕಲ್ ರೈಲು ಕಂಟ್ರಾಕ್ಟರನದು. ಹಾಗೊಂದು ಊರಿತ್ತಂತೆ, ಕೇಳಿ. ಆ ರೈಲಿನ ಡಬ್ಬಿಗಳನ್ನು ಗುಡಿಸಿ ಗುಡಿಸಿ ಸೊಂಟ ಬಿದ್ದುಹೋದವಳು ದೊಡ್ಡತಾಯಮ್ಮ. ಅವಳಿಗೊಬ್ಬ ಮಗ, ಚಿಕ್ಕೀರ. ಹೇಳಿದ್ದನ್ನು ಹೇಳಿದ ಹಾಗೇ ಮಾಡೋನು. ಕೂದಲೆಳೆಯಷ್ಟು ಹೆಚ್ಚಿಲ್ಲ, ಕಡಿಮೆ ಇಲ್ಲ. ಅದೇ ಕಷ್ಟ!

"ಇವನಿಗೊಂದು ಕೆಲಸ ಕೊಡಿ ಬುದ್ಧೀ, ನಾನೊಂದಿಷ್ಟು ಕೂತ್ಕೋತೀನಿ" ಅಂತ ಅವಳು ಕಂಟ್ರಾಕ್ಟರ್ ಕಾಲು ಹಿಡಿದಳು. ಆತ ಚಿಕ್ಕೀರನ ಕೈಗೆ ಹಸಿರು ಬಾವುಟ ಕೊಟ್ಟು, "ಎಲ್ಲರೂ ಹತ್ತಿದ ಮೇಲೆ ಬೀಸು" ಅಂದ.

ಚಿಕ್ಕೀರ ನೋಡಿದ. ಆಫೀಸಿಗೆ ಹೋಗೋರು ಹತ್ತಿದರು. ಕಡಲೇಕಾಯಿ ಮಾರೋಳು ಹತ್ತಿಲ್ಲ! ದಬ್ಬಿ ಹತ್ತಿಸಿದ. ಸ್ಟೇಷನ್ ಮಾಸ್ಟರ್ ಹತ್ತಿಲ್ಲ! ಅವರನ್ನು ಎತ್ತಿಕೊಂಡೇ ಹೋಗಿ ಹತ್ತಿಸಿ, ಬಾವುಟ ಬೀಸಿದ.

"ಅಯ್ಯೋ ಮಂಕೇ! ಟಿಕೆಟ್ ಇದ್ದೋರು ಮಾತ್ರ ರೈಲಲ್ಲಿರಬೇಕು. ಇಲ್ಲದೋರನ್ನ ಇಳಿಸು!" ಅಂತ ಕಂಟ್ರಾಕ್ಟರ್ ಹಣೆ ಚಚ್ಚಿಕೊಂಡ.

"ಆಗಲಿ ಬುದ್ಧೀ!"

ಮಾರನೇ ದಿನ ನೇರವಾಗಿ ಡ್ರೈವರ್ ಮಾದಯ್ಯನ ಹತ್ತಿರ ಹೋದ.

"ಮಾದಣ್ಣ, ಟಿಕೆಟ್ಟು?"

"ನನಗೆಲ್ಲಿಯ ಟಿಕೆಟ್ಟೋ?"

"ಹಂಗಾದ್ರೆ ಇಳಿ!"

ಕಂಟ್ರಾಕ್ಟರ್ ಬದಲಿ ಡ್ರೈವರನ್ನು ಇಟ್ಟಿರಲಿಲ್ಲ. ರಾತ್ರಿ ಪಾಳಿ ಮುಗಿಸಿದ ಮಾದಯ್ಯನೇ ಹಗಲು ಪಾಳಿಗೂ ಕೂತಿದ್ದ. "ದೇವರಂಥ ಮಾತಾಡಿದೆ ಕಣಪ್ಪ" ಅಂತ ಇಳಿದವನು ಬೆಂಚಿನ ಮೇಲೆ ಮಲಗಿಯೇಬಿಟ್ಟ.

"ಥೂ ಪೆದ್ದೇ!" ಕಂಟ್ರಾಕ್ಟರ್ ಓಡಿ ಬಂದ. "ಎಂಜಿನ್ ಹತ್ತಿದವನನ್ನ ಇಳಿಯೋಕೆ ಬಿಡಬೇಡ. ಹೊರಗಿಂದ ಬೀಗ ಹಾಕು! ಇನ್ನೊಂದು ಸಲ ತಪ್ಪಿದರೆ ತಾಯಿ ಮಗ ಇಬ್ಬರೂ ಮನೆಗೆ!"

"ಆಗಲಿ ಬುದ್ಧೀ!"

"ನನ್ನ ಹೊಟ್ಟೇಲೇ ಹುಟ್ಟಬೇಕಿತ್ತೇನೋ ನೀನು?" ದೊಡ್ಡತಾಯಮ್ಮನಿಗೆ ಬೈಯೋಕೂ ಶಕ್ತಿ ಇರಲಿಲ್ಲ. "ಬುದ್ಧಿಯೋರು ಹೇಳಿದ್ದು ಮಾಡೋ ಮಗನೇ."

"ಅದನ್ನೇ ಮಾಡ್ತಿದ್ದೀನಲ್ಲವ್ವ!"

ಅದರ ಮಾರನೇ ದಿನ ಸುರಕ್ಷತೆ ತಪಾಸಣೆಗೆ ಆಫೀಸರ್ ಬಂದರು. ಕಂಟ್ರಾಕ್ಟರ್ ಫ್ಯಾನಿನ ಕೆಳಗೆ ಗೊರಕೆ ಹೊಡೆದು ಎದ್ದು ಬಂದವನು, ಅವರೆದುರು ಎದೆಯುಬ್ಬಿಸಿ ಹೇಳಿದ: "ಚಿಕ್ಕೀರ, ನಮ್ಮಲ್ಲಿ ನಿಯಮ ಅಂದ್ರೆ ನಿಯಮ! ನಿದ್ದೆಗೆಟ್ಟೋರು ಎಂಜಿನ್ ಹತ್ತೋ ಹಾಗಿಲ್ಲ. ಚೆನ್ನಾಗಿ ನಿದ್ದೆ ಮಾಡಿದೋರನ್ನೇ ಹತ್ತಿಸು!"

ಚಿಕ್ಕೀರ ಸುತ್ತ ನೋಡಿದ. ಮಾದಯ್ಯನ ಕಣ್ಣು ಕೆಂಡ. ಗಾರ್ಡು ಕಂಬಕ್ಕೊರಗಿ ತೂಕಡಿಸ್ತಿದ್ದಾನೆ. ಅವ್ವ ಪೊರಕೆ ಊರಿಕೊಂಡು ನಿಂತಲ್ಲೇ ನಿದ್ದೆ.

"ಬುದ್ಧೀ, ತಮಗೆ ನಿದ್ದೆ ಆಯ್ತಾ?"

"ಬೊಂಬಾಟಾಗಿ ಆಯ್ತು. ಯಾಕೋ?"

ಅಷ್ಟೇ! ಎತ್ತಿದ, ಎಂಜಿನ್ ಒಳಗೆ ಹಾಕಿದ, ಬೀಗ ಜಡಿದ, ಬಾವುಟ ಬೀಸಿದ.

"ನನಗೆ ಓಡಿಸೋಕೆ ಬರಲ್ಲ ಕಣೋ!"

"ಅದನ್ನ ನೋಡು ಅಂತ ಹೇಳಿರಲಿಲ್ಲ ಬುದ್ಧೀ!"

ಆಫೀಸರ್ ಮಾದಯ್ಯನ ಕಣ್ಣು ನೋಡಿದರು, ಕಂಟ್ರಾಕ್ಟರನ ಕಡೆ ನೋಡಿದರು. ಕಂಟ್ರಾಕ್ಟರ್ ನಿಂತಲ್ಲೇ ನಿಂತ ಎಂಜಿನ್ನಿನ ಕಿಟಕಿಯಲ್ಲಿ ಮೂತಿ ತೂರಿಸಿ ಕಿರುಚಿದ: "ನಿಮ್ಮವ್ವನ್ನ ಕರ್ಕೊಂಡು ಮನೆಗೆ ಹೋಗೋ! ಈಗಲೇ ಹೋಗು!"

"ಆಗಲಿ ಬುದ್ಧೀ!"

ಅವ್ವನನ್ನು ಬೆನ್ನ ಮೇಲೆ ಹೊತ್ತುಕೊಂಡು ಮನೆಗೆ ಬಂದೇಬಿಟ್ಟ. ಜಗಲಿ ಮೇಲೆ ಕೂರಿಸಿದ. ಎಷ್ಟೋ ಕಾಲದ ಮೇಲೆ ದೊಡ್ಡತಾಯಮ್ಮ ಗೋಡೆಗೊರಗಿ ಕಾಲು ಚಾಚಿದಳು.

"ಇದ್ದ ಕೆಲಸಾನೂ ಹೋಯ್ತಲ್ಲೋ. ಹೋಗ್ಲಿ, ಬೀಗದ ಕೈ ಎಲ್ಲಿ?"

"ಉಡಿದಾರದಲ್ಲೇ ಇದೆ ಕಣವ್ವ. ಬೀಗ ತೆಗಿ ಅಂತ ಯಾರೂ ಹೇಳಲಿಲ್ವಲ್ಲ!"

ದೊಡ್ಡತಾಯಮ್ಮ ಹೇಳೋಕೆ ಬಾಯಿ ತೆಗೆದಳು. ಹೇಳೋದರೊಳಗೆ ನಿದ್ದೆ ಹತ್ತಿತು. ಅವ್ವ ಹೇಳಲಿ ಅಂತ ಚಿಕ್ಕೀರ ಪಕ್ಕದಲ್ಲೇ ಕಾಯ್ತಾ ಕೂತ.