ಕೇಳುವವನ ಮುಖ

ನದಿಯ ದಡದಲ್ಲಿ ಒಂದು ಮಠ. ಮಠದ ಚಾವಡಿಯಲ್ಲಿ ಏಳು ದಿನ ತಾಳಮದ್ದಳೆ. ಮಧ್ಯಾಹ್ನದ ಊಟದ ನಂತರ ಶುರು, ದೀಪ ಹಚ್ಚುವ ಮೊದಲು ಮುಗಿತಾಯ.

ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹಾಡುತ್ತಾರೆ. ಇಬ್ಬರು ಎದುರುಬದುರು ಕೂತು ಮಾತಾಡುತ್ತಾರೆ. ಒಬ್ಬ ಕರ್ಣ, ಒಬ್ಬ ಕೃಷ್ಣ. ಬರೆದಿಟ್ಟ ಮಾತಲ್ಲ. ಆಗಲೇ ಹುಟ್ಟುವ ಮಾತು. ಅದಕ್ಕೆ ‘ಅರ್ಥ’ ಎಂದು ಹೆಸರು.

ಅದರ ನೇರಪ್ರಸಾರದ ಕೆಲಸ ದೂಮಪ್ಪ ಮಾಸ್ಟ್ರದು. ನಲವತ್ತು ವರ್ಷ ಕ್ಯಾಮೆರಾ ಹಿಡಿದವರು. ಈಗ ಕಲಿಸುತ್ತಾರೆ. ಈ ಸಲ ಅವರ ಜೊತೆ ಸಿನಿಮಾ ಶಾಲೆಯ ಇಬ್ಬರಿದ್ದರು. ಸುಹಾಸ ಮತ್ತು ಇಂಚರ.

ಕ್ಯಾಮೆರಾ ಎರಡೇ. ಒಂದು ಹಿರಿಯ ಕಲಾವಿದ ಉಡುಪರ ಮೇಲೆ. ಇನ್ನೊಂದು ಅವರೆದುರು ಕೂರುವ ಶೆಟ್ಟರ ಮೇಲೆ. ಮಾಸ್ಟ್ರು ಒಳಕೋಣೆಯಲ್ಲಿ ಎರಡು ಪರದೆಗಳ ಮುಂದೆ ಕೂತು ಗುಂಡಿ ಒತ್ತುತ್ತಾರೆ. ಒತ್ತಿದ ಚಿತ್ರ ಲೋಕಕ್ಕೆಲ್ಲ ಹೋಗುತ್ತದೆ. ಆ ಕ್ಯಾಮೆರಾದ ಕೆಂಪು ದೀಪ ಹತ್ತುತ್ತದೆ.

ಸುಹಾಸನಿಗೆ ಉಡುಪರು ಸಿಕ್ಕರು. ಇಂಚರಳಿಗೆ ಶೆಟ್ಟರು.

“ಮಾಸ್ಟ್ರೇ, ಹೆಚ್ಚು ಮಾತಾಡೋದೆಲ್ಲ ಉಡುಪರೇ. ಶೆಟ್ಟರು ಸುಮ್ನೆ ಕೂತಿರ್ತಾರೆ. ನಾನೇನು ತೆಗೀಲಿ?”

“ಕೂತದ್ದನ್ನು ತೆಗಿ.”

“ಅರ್ಧ ಗಂಟೆನಾ?”

“ಬೇಕಾದರೆ ಒಂದು ಗಂಟೆ.”

“ಬೇಜಾರಾಗುತ್ತೆ ಮಾಸ್ಟ್ರೇ.”

“ಶೆಟ್ಟರಿಗೆ ಆಗುವುದಿಲ್ಲವಲ್ಲ.”

ಮೊದಲ ದಿನ ಅವಳ ಕೈ ಸುಮ್ಮನಿರಲಿಲ್ಲ. ಶೆಟ್ಟರ ಮುಖಕ್ಕೆ ಹತ್ತಿರ ಹೋದಳು. ದೂರ ಬಂದಳು. ಶಾಲು ತೋರಿಸಿದಳು. ಚಾವಡಿಯ ಕಂಬ ತೋರಿಸಿದಳು. ಕಿವಿಯ ಹೆಡ್‌ಫೋನಿನಲ್ಲಿ ಮಾಸ್ಟ್ರ ದನಿ ಬಂತು.

“ಎಂತ ಮಾರಾಯ್ತಿ, ನೊಣ ಹುಡುಕುತ್ತೀಯಾ?”

ಎರಡನೆಯ ದಿನ ಉಡುಪರು ಕರ್ಣ, ಶೆಟ್ಟರು ಕೃಷ್ಣ. ನೀನು ಕುಂತಿಯ ಮಗ ಎಂದು ಕೃಷ್ಣ ಹೇಳಿಯಾಗಿತ್ತು. ಕರ್ಣ ಉತ್ತರ ಕೊಡುತ್ತಿದ್ದ. ಸಭೆ ಉಸಿರು ಹಿಡಿದು ಕೇಳುತ್ತಿತ್ತು.

ಇಂಚರಳಿಗೆ ತಡೆಯಲಾಗಲಿಲ್ಲ. ಇಷ್ಟು ದೊಡ್ಡ ಮಾತು ಅಲ್ಲಿ ನಡೆಯುತ್ತಿದೆ, ತಾನು ಇಲ್ಲಿ ಸುಮ್ಮನೆ ಕೂತವರ ಮೇಲೆ ನಿಂತಿದ್ದೇನೆ. ಟ್ರೈಪಾಡಿನ ತಿರುಪು ಸಡಿಲಿಸಿದಳು. ಕ್ಯಾಮೆರಾವನ್ನು ಉಡುಪರ ಕಡೆ ತಿರುಗಿಸಿದಳು. ಕಣ್ಣು, ಹಣೆ, ತುಟಿ ಅಷ್ಟೇ ತುಂಬುವಷ್ಟು ಹತ್ತಿರ ಹೋದಳು.

“ಕೃಷ್ಣಾ, ನನ್ನನ್ನು ಎತ್ತಿಕೊಂಡವಳು...” ಎಂದರು ಉಡುಪರು.

ನಿಂತರು.

ಮುಂದಿನ ಮಾತು ಬರಲಿಲ್ಲ. ತುಟಿ ಅಲ್ಲಾಡಿತು. ಕಣ್ಣು ಅತ್ತಿತ್ತ ಹೋಯಿತು. ಎಪ್ಪತ್ತಾರು ವರ್ಷದ ಮನುಷ್ಯನಿಗೆ ಮಾತು ಮರೆತುಹೋಗಿತ್ತು.

ಒಳಗೆ ಮಾಸ್ಟ್ರು ಆ ಮುಖವನ್ನು ಮರೆಮಾಡಲು ಎರಡನೆಯ ಗುಂಡಿ ಒತ್ತಿದರು. ಪರದೆಯ ಮೇಲೆ ಬಂದದ್ದು ಅದೇ ಮುಖ. ಇನ್ನೂ ದೊಡ್ಡದಾಗಿ.

ಇಂಚರಳ ಕ್ಯಾಮೆರಾದ ಕೆಂಪು ದೀಪ ಹತ್ತಿತು. ಅವಳ ಎದೆ ಹಿಗ್ಗಿತು. ಕೈ ಒಂದಿಷ್ಟೂ ನಡುಗಲಿಲ್ಲ.

ಹನ್ನೊಂದು ಸೆಕೆಂಡು. ಆಮೇಲೆ ಶೆಟ್ಟರ ದನಿ ಕೇಳಿತು.

“ರಾಧೆಯ ನೆನಪಾಯಿತೇ ಕರ್ಣ?”

“ಹೌದು ಕೃಷ್ಣಾ, ರಾಧೆ!” ಎಂದರು ಉಡುಪರು. ಮಾತು ಮತ್ತೆ ಹರಿಯಿತು.

ಸಂಜೆಯೊಳಗೆ ಆ ಹನ್ನೊಂದು ಸೆಕೆಂಡನ್ನು ಯಾರೋ ಕತ್ತರಿಸಿ ಫೋನಿನಿಂದ ಫೋನಿಗೆ ಹಂಚಿದರು. ನಗುವವರು ನಕ್ಕರು. ಇಂಚರಳ ಗೆಳತಿ ಬರೆದಳು: “ಎಂಥ ಕ್ಲೋಸಪ್ ಕಣೇ!”

ಇಂಚರ ಅದನ್ನು ಮೂರು ಸಲ ಓದಿದಳು. ಮೊದಲ ಸಲ ಖುಷಿಯಾಯಿತು. ಮೂರನೆಯ ಸಲ ಫೋನು ಮಗುಚಿಟ್ಟಳು.

ಮಾಸ್ಟ್ರು ಬೈಯಲಿಲ್ಲ. ಊಟಕ್ಕೆ ಕೂತರು. ಎದ್ದರು. ಕೈ ತೊಳೆದರು. ಅವಳು ಹಿಂದೆ ಹಿಂದೆ ಹೋದಳು.

“ಮಾಸ್ಟ್ರೇ, ನಾನು ತಿರುಗಿಸಬಾರದಿತ್ತಾ?”

ಮಾಸ್ಟ್ರು ಬೈರಾಸಿಗೆ ಕೈ ಒರೆಸಿದರು.

“ಅವರು ಮರೀತಾರೆ ಅಂತ ನನಗೇನು ಗೊತ್ತಿತ್ತು?”

ಮಾಸ್ಟ್ರು ನಾಳೆಯ ಬ್ಯಾಟರಿ ಚಾರ್ಜಿಗೆ ಹಾಕಿದರು.

“ಏನಾದ್ರೂ ಬೈಯಿರಿ ಮಾಸ್ಟ್ರೇ.”

“ಬೆಳಿಗ್ಗೆ ಉಡುಪರು ಊರಿಗೆ ಹೊರಟಿದ್ದಾರೆ. ಅವರ ಚೀಲ ಹೊತ್ತು ಬಸ್‌ಸ್ಟ್ಯಾಂಡಿಗೆ ಬಿಟ್ಟು ಬಾ.”

“ಏಳನೇ ದಿನ ಅವರದೇ ವಾಲಿ ಇದೆಯಲ್ಲ?”

“ಇನ್ನು ಅರ್ಥ ಹೇಳುವುದಿಲ್ಲವಂತೆ. ಎಲ್ಲಿಯೂ.”

ಬೆಳಿಗ್ಗೆ ಅವಳು ಚೀಲ ಹೊತ್ತಳು. ಉಡುಪರು ಮುಂದೆ, ಅವಳು ಹಿಂದೆ. ದಾರಿ ನದಿಯ ಬದಿಯಲ್ಲೇ ಇತ್ತು.

“ಆ ಕ್ಯಾಮೆರಾದವಳು ನಾನೇ” ಎಂದಳು ಕೊನೆಗೆ.

“ಗೊತ್ತು. ಮೊಮ್ಮಗಳು ದುಬೈಯಿಂದ ಫೋನ್ ಮಾಡಿದ್ದಳು. ‘ಅಜ್ಜ, ಡಾಕ್ಟರಿಗೆ ತೋರಿಸಿದಿರಾ’ ಅಂತ ಕೇಳಿದಳು.”

“ತಪ್ಪಾಯ್ತು.”

“ಮರೆತದ್ದು ನಾನು. ನಿನ್ನದೆಂತ ತಪ್ಪು?” ಉಡುಪರು ನಿಂತು ಉಸಿರು ತೆಗೆದುಕೊಂಡರು. “ಇದು ಮೊದಲ ಸಲ ಅಲ್ಲ ಮಗಳೇ. ಹಿಂದೆಯೂ ಮೂರು ಸಲ ಮರೆತಿದ್ದೇನೆ. ಒಬ್ಬರಿಗೂ ಗೊತ್ತಾಗಲಿಲ್ಲ. ಎದುರು ಕೂತವನು ಕಾಯುತ್ತಾನೆ. ಕೂಡಲೇ ಬಾಯಿ ಹಾಕಿದರೆ ಸಭೆಗೆ ಗೊತ್ತಾಗಿಬಿಡುತ್ತದೆ. ಕಾಯುತ್ತಾನೆ, ಆಮೇಲೆ ಪಾತ್ರದೊಳಗಿಂದಲೇ ಒಂದು ಪ್ರಶ್ನೆ ಕೇಳುತ್ತಾನೆ.”

“ಶೆಟ್ಟರು ಕೇಳಿದ ಹಾಗೆ.”

“ಹೌದು. ಕೇಳುವ ಮೊದಲು ಅವರು ಎಂತ ಮಾಡಿದರು, ನೋಡಿದೆಯಾ?”

“ಇಲ್ಲ.”

“ತೊಡೆಯ ಮೇಲಿನ ಕೈಯನ್ನು ಸ್ವಲ್ಪ ಮುಂದೆ ಚಾಚಿದರು. ನಡೆಯಲು ಕಲಿಯುವ ಮಗುವಿಗೆ ಚಾಚುತ್ತೇವಲ್ಲ, ಹಾಗೆ. ಕಣ್ಣಲ್ಲಿ ನೀರಿತ್ತು. ನಾನು ನೋಡುತ್ತಿದ್ದದ್ದು ಅದನ್ನೇ.”

ಬಸ್‌ಸ್ಟ್ಯಾಂಡಿಗೆ ತಲುಪುವಾಗ ಬಸ್ಸು ಬಂತು.

“ನೀನು ಎಂತ ನೋಡುತ್ತಿದ್ದೆ?” ಎಂದರು ಉಡುಪರು. ಚೀಲ ತೆಗೆದುಕೊಂಡು ಹತ್ತಿಬಿಟ್ಟರು.

ಇಂಚರ ಓಡುತ್ತಾ ಮಠಕ್ಕೆ ಬಂದಳು. ಮಾಸ್ಟ್ರು ವಯರು ಸುತ್ತುತ್ತಿದ್ದರು.

“ಮಾಸ್ಟ್ರೇ, ಶೆಟ್ಟರು ಕೈ ಚಾಚಿದ್ರಂತೆ. ಅದು ನನ್ನ ಚೌಕಟ್ಟಿನಲ್ಲಿ ಇರಬೇಕಿತ್ತು. ಈಗ ಎಲ್ಲಿಯೂ ಇಲ್ಲ!”

“ಇಲ್ಲ.”

“ಇವತ್ತು ಸರಿಯಾಗಿ ತೆಗೀತೀನಿ.”

“ಇವತ್ತು ನಿನಗೆ ಕ್ಯಾಮೆರಾ ಇಲ್ಲ.”

“ಮತ್ತೆ ಶೆಟ್ಟರನ್ನು ಯಾರು ತೆಗೀತಾರೆ?”

“ತಿರುಪು ಬಿಗಿದು ಬಿಡುತ್ತೇನೆ. ಅದರಷ್ಟಕ್ಕೆ ನಿಂತಿರುತ್ತದೆ. ನಿನ್ನ ಹಾಗೆ ಓಡಿಹೋಗುವುದಿಲ್ಲ.”

“ನಾನು?”

“ಕ್ಯಾಮೆರಾದ ಬದಿಗೆ ಕೂತು ಶೆಟ್ಟರನ್ನು ನೋಡು. ಮುಗಿದ ಮೇಲೆ ಎಂತ ನೋಡಿದೆ ಅಂತ ಹೇಳು.”

ಮೂರನೆಯ ದಿನ ಉಡುಪರ ಜಾಗದಲ್ಲಿ ಬೇರೊಬ್ಬರು ಕೂತರು. ಇಂಚರ ನೆಲದ ಮೇಲೆ ಕೂತಳು. ಕಾಲು ಜೋಮು ಹಿಡಿಯಿತು. ಬೆರಳುಗಳು ಇಲ್ಲದ ಹಿಡಿಕೆಯನ್ನು ಹುಡುಕಿದವು.

“ಎಂತ ನೋಡಿದೆ?”

“ಕೇಳ್ತಾ ಕೂತಿದ್ರು.”

“ಮತ್ತೆ?”

“ಅಷ್ಟೇ.”

“ನಾಳೆ ಪುನಃ ಕೂರು.”

ನಾಲ್ಕನೆಯ ದಿನ ಅವಳೇ ಬಂದು ಹೇಳಿದಳು. “ಮಾತು ಹಿಡಿಸಿದಾಗ ಕಣ್ಣು ಮುಚ್ತಾರೆ. ಹಿಡಿಸದಿದ್ದಾಗ ಶಾಲು ಸರಿಮಾಡಿಕೊಳ್ತಾರೆ.”

“ಎಷ್ಟು ಸಲ?”

“ಇವತ್ತಾ? ತುಂಬಾ ಸಲ.”

ಮಾಸ್ಟ್ರು ನಕ್ಕರು. ಆ ವಾರ ಅವರು ನಕ್ಕದ್ದು ಅದೊಂದೇ ಸಲ.

ಐದನೆಯ ದಿನ ಅವಳು ತಡವಾಗಿ ಬಂದಳು. “ಎದುರಿನವರ ಮಾತು ಮುಗಿಯೋದಕ್ಕೆ ಮೊದಲೇ ಶೆಟ್ಟರು ಉಸಿರು ಎಳ್ಕೋತಾರೆ. ಮುಗಿಯುತ್ತೆ ಅಂತ ಅವರಿಗೆ ಗೊತ್ತು. ಅದು ಹೇಗೆ ಗೊತ್ತಾಗುತ್ತೆ ಮಾಸ್ಟ್ರೇ?”

“ಅವರನ್ನು ಕೇಳು.”

“ಕೇಳಿದೆ. ‘ನನಗೇ ಗೊತ್ತಿಲ್ಲ ಮಾರಾಯ್ತಿ, ನೀನು ಹೇಳಿದ ಮೇಲೆ ನಾಳೆಯಿಂದ ಉಸಿರೇ ಕಟ್ಟೀತು’ ಅಂದರು.”

ಮಾಸ್ಟ್ರು ಜೇಬಿನಿಂದ ಹೆಡ್‌ಫೋನು ತೆಗೆದು ಅವಳ ಮುಂದಿಟ್ಟರು.

ಆರನೆಯ ದಿನ ಶೆಟ್ಟರಿಗೆ ಬಿಡುವಿತ್ತು. ಅವರು ಉಡುಪರ ಊರಿಗೆ ಹೋದರು. ವಾಲಿ ಬರದಿದ್ದರೆ ರಾಮನೂ ಬರುವುದಿಲ್ಲ ಎಂದು ಅವರ ಮನೆಯ ಜಗಲಿಯಲ್ಲಿ ಕೂತುಬಿಟ್ಟರಂತೆ.

ಏಳನೆಯ ದಿನ ಇಬ್ಬರೂ ಒಂದೇ ರಿಕ್ಷಾದಿಂದ ಇಳಿದರು. ಉಡುಪರು ಯಾರ ಮುಖವನ್ನೂ ನೋಡಲಿಲ್ಲ.

ಚಾವಡಿ ತುಂಬಿತ್ತು. ಕೆಲವರು ಕೇಳಲು ಬಂದಿದ್ದರು. ಕೆಲವರು ಮರೆಯುತ್ತಾರೋ ಎಂದು ನೋಡಲು ಬಂದಿದ್ದರು. ಅವರ ಕೈಯಲ್ಲಿ ಫೋನುಗಳು ಸಿದ್ಧವಾಗಿದ್ದವು.

ಇಂಚರ ಶೆಟ್ಟರ ಮೇಲೆ ಕ್ಯಾಮೆರಾ ನಿಲ್ಲಿಸಿದಳು. ಮುಖ, ಎದೆ, ತೊಡೆಯ ಮೇಲಿನ ಕೈ.

ರಾಮನ ಬಾಣ ನಾಟಿ ವಾಲಿ ಬಿದ್ದಿದ್ದಾನೆ. ಬಿದ್ದವನು ಕೇಳುತ್ತಿದ್ದಾನೆ. ಉಡುಪರ ದನಿ ಮೊದಲು ನಡುಗಿತು, ಆಮೇಲೆ ಏರಿತು. ನಿನಗೂ ನನಗೂ ಏನು ಹಗೆ? ಮರೆಯಲ್ಲಿ ಯಾಕೆ ನಿಂತೆ? ಹೆಂಡತಿಯನ್ನು ಹುಡುಕಲು ಸುಗ್ರೀವನೇ ಬೇಕಾಗಿತ್ತೇ?

“ರಾಮಾ...” ಎಂದರು ಉಡುಪರು.

ನಿಂತರು.

ಚಾವಡಿ ಅಲುಗಿತು. ಫೋನುಗಳು ಮೇಲೆದ್ದವು. ಹೆಡ್‌ಫೋನಿನಲ್ಲಿ ಸುಹಾಸ ಪಿಸುಗುಟ್ಟಿದ. “ಮಾಸ್ಟ್ರೇ, ಮತ್ತೆ ಮರೆತ್ರು! ಕಟ್ ಮಾಡಿ, ಕಟ್ ಮಾಡಿ!”

ಮಾಸ್ಟ್ರ ದನಿ ಇಲ್ಲ. ಉಸಿರು ಮಾತ್ರ ಕೇಳುತ್ತಿತ್ತು.

ಐದು ಸೆಕೆಂಡು. ಹತ್ತು.

ಇಂಚರಳ ಕುತ್ತಿಗೆ ಉಡುಪರ ಕಡೆ ಎಳೆಯಿತು. ಒಂದೇ ಒಂದು ಸಲ ನೋಡಿದರೆ ಸಾಕಿತ್ತು. ಹಿಡಿಕೆಯನ್ನು ಬೆರಳು ಬೆಳ್ಳಗಾಗುವಷ್ಟು ಬಿಗಿಯಾಗಿ ಹಿಡಿದಳು. ಶೆಟ್ಟರನ್ನೇ ನೋಡಿದಳು.

ಶೆಟ್ಟರ ಕೈ ತೊಡೆಯ ಮೇಲೇ ಇತ್ತು. ಅವರು ಉಸಿರು ಎಳೆದುಕೊಳ್ಳಲಿಲ್ಲ. ಶಾಲು ಮುಟ್ಟಲಿಲ್ಲ. ನಿಧಾನವಾಗಿ ಕಣ್ಣು ಮುಚ್ಚಿದರು.

ಹದಿನೈದು. ಹದಿನೆಂಟು. ಅವಳ ಕ್ಯಾಮೆರಾದ ಕೆಂಪು ದೀಪ ಹತ್ತಲೇ ಇಲ್ಲ.

“ರಾಮಾ, ಕರೆದಿದ್ದರೆ ನಾನೇ ಬರುತ್ತಿದ್ದೆನಲ್ಲ” ಎಂದರು ಉಡುಪರು, ಬಹಳ ಮೆಲ್ಲಗೆ.

ಫೋನುಗಳು ಒಂದೊಂದಾಗಿ ಕೆಳಗಿಳಿದವು. ಹಿಂದಿನ ಸಾಲಿನಲ್ಲಿ ಯಾರೋ ಮೂಗು ಒರೆಸಿಕೊಂಡರು.

ಮಂಗಳಪದ ಆಯಿತು. ಜನ ಚದುರಿದರು. ಉಡುಪರು ಎದ್ದು ಹೋಗುವಾಗ ಇಂಚರಳ ಕ್ಯಾಮೆರಾದ ಬಳಿ ಒಂದು ಗಳಿಗೆ ನಿಂತರು. ಹೋದರು.

ಇಂಚರ ಒಳಕೋಣೆಗೆ ನುಗ್ಗಿದಳು.

“ಮಾಸ್ಟ್ರೇ, ನಾನು ಅಲ್ಲಾಡಲಿಲ್ಲ.”

“ಹ್ಞೂಂ.”

“ಪ್ರಾಣ ಹೋದ ಹಾಗಾಯ್ತು. ಆದರೂ ಅಲ್ಲಾಡಲಿಲ್ಲ. ಶೆಟ್ಟರು ಕಣ್ಣು ಮುಚ್ಚಿದ್ದು ಎಷ್ಟು ಚೆನ್ನಾಗಿತ್ತು! ನೀವು ನನ್ನ ಕಡೆ ಬರಲೇ ಇಲ್ಲ. ಯಾರೂ ಅದನ್ನು ನೋಡಲಿಲ್ಲ. ಮತ್ತೆ ನಾನು ಅಲ್ಲಿ ನಿಂತು ಏನು ಬಂತು?”

ಮಾಸ್ಟ್ರು ಪರದೆಗಳನ್ನು ಆರಿಸಿದರು. ಕನ್ನಡಕ ತೆಗೆದು ಒರೆಸಿದರು.

“ಶೆಟ್ಟರು ಕೈ ಚಾಚಲಿಲ್ಲ, ಅಂದರೆ ಉಡುಪರು ಮರೆತಿರಲಿಲ್ಲ. ನಿನ್ನ ಚಿತ್ರ ನೋಡಿಕೊಂಡೇ ನಾನು ಉಡುಪರ ಮೇಲೆ ನಿಂತದ್ದು.”